ನಾಲ್ಕು ಮಳೆಗಾಲದಿಂದ ಮನೆಯೆದುರು ನಿಂತಿರುವ ಹಾಳು ವ್ಯಾನು: ಇದನ್ನು ತೆಗೆಸುವವರು ಯಾರು?

ಹೊಂಗೆ ಮರದಡಿ:
ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ನಮ್ಮ ಮನೆಯಿದೆ. ಮನೆಯೆದುರಿನ ಹೊಂಗೆ ಮರದ ಕೆಳಗೆ ಒಂದು ಬಿಳಿ ಓಮ್ನಿ ವ್ಯಾನು ನಾಲ್ಕು ಮಳೆಗಾಲಗಳಿಂದ ಕದಲದೆ ನಿಂತಿದೆ. ಬಿಳಿ ಎಂಬುದು ಈಗ ಬರೀ ಬಾಯಿಮಾತು; ಪಾಚಿ ಹಿಡಿದು ಅದು ಬಾವಿಕಟ್ಟೆಯ ಬಣ್ಣಕ್ಕೆ ತಿರುಗಿದೆ. ನಾಲ್ಕೂ ಚಕ್ರಗಳು ನೆಲಕಚ್ಚಿವೆ, ಛಾವಣಿಯಂಚಿನಲ್ಲಿ ಮಳೆನೀರು ಹರಿಯಲೆಂದು ಇರುವ ಪಟ್ಟಿಯಲ್ಲಿ ಜರೀಗಿಡ ಎದ್ದಿದೆ, ಹಿಂದಿನ ಗಾಜಿನ ಮೇಲಿದ್ದ ‘ತಾಯಿಯ ಆಶೀರ್ವಾದ’ದಲ್ಲಿ ತಾಯಿ ಉದುರಿಹೋಗಿ ಆಶೀರ್ವಾದವಷ್ಟೇ ಉಳಿದಿದೆ. ವ್ಯಾನಿನ ಕೆಳಗೆ ಕಸ ಸಿಕ್ಕಿಕೊಂಡು ಚರಂಡಿ ಕಟ್ಟುವುದರಿಂದ ಜೋರು ಮಳೆಯ ದಿನ ನೀರು ನಮ್ಮ ಗೇಟಿನೊಳಕ್ಕೆ ನುಗ್ಗುತ್ತದೆ. ಕಸದ ಆಟೋ ತಿರುಗಲು ಜಾಗವಿಲ್ಲದೆ ಬೀದಿಯ ತುದಿಯಲ್ಲೇ ನಿಂತು, ಹಾಡು ಮುಗಿಸಿ, ಹೊರಟುಹೋಗುತ್ತದೆ.

ನಾನು ಮೂರು ಕಚೇರಿಗಳಿಗೆ ಹೋಗಿ ಬಂದಿದ್ದೇನೆ. ವಾಹನವೆಂದ ಮೇಲೆ ಅದು ಸಾರಿಗೆಯವರ ವಿಷಯ ಎಂದು ಒಂದು ಕಡೆ ಹೇಳಿದರು, ರಸ್ತೆಯ ಮೇಲಿದೆ ಎಂದ ಮೇಲೆ ಪೊಲೀಸರ ವಿಷಯ ಎಂದು ಇನ್ನೊಂದು ಕಡೆ ಹೇಳಿದರು, ಕೆಟ್ಟು ನಿಂತಿದೆ ಎಂದ ಮೇಲೆ ಕಸದ ವಿಷಯ ಎಂದು ಮತ್ತೊಂದು ಕಡೆ ಹೇಳಿದರು. ನಿಜವಾಗಿ ನಿಯಮ ಏನು ಹೇಳುತ್ತದೆ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಕಡೂರಿನವ:
ಹದಿನೈದು ವರ್ಷ ಮೀರಿದ ಗಾಡಿ ರಸ್ತೆಯಲ್ಲಿ ಇರುವಂತೆಯೇ ಇಲ್ಲ ಎಂದು ಸರ್ಕಾರ ಆದೇಶ ಮಾಡಿದೆಯಲ್ಲವೇ? ಗಾಡಿಯ ವಯಸ್ಸು ತಿಳಿಸಿ ದೂರು ಕೊಟ್ಟರೆ ಅವರೇ ಎತ್ತಿಕೊಂಡು ಹೋಗುತ್ತಾರೆ.

ಕರಿಕೋಟು:
ಕಡೂರಿನವರು ದೆಹಲಿಯ ಸುದ್ದಿಯನ್ನು ಚಿಕ್ಕಮಗಳೂರಿಗೆ ತಂದಿದ್ದಾರೆ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಎಂಬ ನಿರ್ಬಂಧ ಹುಟ್ಟಿದ್ದು ರಾಜಧಾನಿ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕಾಗಿ. ನಮ್ಮಲ್ಲಿ ಖಾಸಗಿ ಗಾಡಿಯ ಆರ್‌ಸಿಗೆ ಮೊದಲು 15 ವರ್ಷ ಸಿಂಧುತ್ವವಿರುತ್ತದೆ. ಅನಂತರ ಗಾಡಿಯನ್ನು ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. 15 ವರ್ಷ ತುಂಬಿದರೆ ನೋಂದಣಿಯೇ ರದ್ದಾಗುವ ಕಟ್ಟುಪಾಡು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆಯಾದರೂ ಅದು ಸರ್ಕಾರಿ ವಾಹನಗಳಿಗೆ ಮಾತ್ರ.

ಮೂಲ ಪ್ರಶ್ನೆಗೆ ಉತ್ತರ 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಮಿನಲ್ಲಿದೆ. ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಬಿಟ್ಟುಹೋದ ವಾಹನವನ್ನು ಎಳೆದೊಯ್ಯಲು ಅಥವಾ ಅದರ ಚಕ್ರಕ್ಕೆ ಬೀಗ ಹಾಕಲು, ಆ ವ್ಯಾಪ್ತಿಯ ಸಮವಸ್ತ್ರಧಾರಿ ಪೊಲೀಸ್ ಅಧಿಕಾರಿ ಅನುಮತಿ ನೀಡಬಹುದು. ಮುರಿದ, ಸುಟ್ಟ ಅಥವಾ ಅರ್ಧ ಬಿಚ್ಚಿದ ಗಾಡಿ ಸಂಚಾರಕ್ಕೆ ಅಪಾಯ ತರುವಂತಿದ್ದರೆ ಹತ್ತು ಗಂಟೆ ಕಾಯಬೇಕಾದ ಅಗತ್ಯವೂ ಇಲ್ಲ. ಎಳೆದೊಯ್ಯುವ ಖರ್ಚು ಮಾಲೀಕನದು, ದಂಡ ಬೇರೆ. ಆದ್ದರಿಂದ ಈ ಪ್ರಕರಣದಲ್ಲಿ ಮೊದಲ ಬಾಗಿಲು ಪೊಲೀಸ್ ಠಾಣೆಯೇ, ಉಳಿದ ಎರಡಲ್ಲ.

ಬೇಲೂರು ಬಸ್ಸು:
ಹತ್ತು ಗಂಟೆ ಎಲ್ಲಿ, ನಾಲ್ಕು ಮಳೆಗಾಲ ಎಲ್ಲಿ!

ಹೊಂಗೆ ಮರದಡಿ:
ಕರಿಕೋಟು ಅವರಿಗೆ ಧನ್ಯವಾದ. ಆದರೆ ‘ಅನುಮತಿ ನೀಡಬಹುದು’ ಎಂದಿದ್ದೀರಿ, ‘ನೀಡತಕ್ಕದ್ದು’ ಎಂದಿಲ್ಲ. ನನ್ನ ತೊಂದರೆಯೆಲ್ಲ ಆ ‘ಬಹುದು’ವಿನಲ್ಲೇ ಸಿಕ್ಕಿಕೊಂಡಿರುವಂತೆ ತೋರುತ್ತದೆ.

ನಿವೃತ್ತ ದಫೇದಾರ:
ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇಲಾಖೆಯಲ್ಲಿದ್ದವನು. ಪೊಲೀಸರಿಗೆ ಮನಸ್ಸಿಲ್ಲ ಎಂದು ಬೈಯುವುದು ಸುಲಭ. ಠಾಣೆಯ ಒಳಗಿನಿಂದ ಈ ವಿಷಯ ಹೇಗೆ ಕಾಣುತ್ತದೆ ಎಂಬುದನ್ನು ಹೇಳುತ್ತೇನೆ, ಅನಂತರ ಬೇಕಾದರೆ ಬೈಯಿರಿ.

ಗಾಡಿಯನ್ನು ಎತ್ತಿದೆವು ಎಂದುಕೊಳ್ಳಿ. ಇಡುವುದೆಲ್ಲಿ? ಯಾವುದೇ ಠಾಣೆಯ ಆವರಣವನ್ನು ನೋಡಿದರೂ ಅಪಘಾತದ ಬೈಕುಗಳು, ಮರಳಿನ ಲಾರಿ, ಕಳವು ಮಾಲಿನ ಕಾರು, ಅವುಗಳ ಮೇಲೆಲ್ಲ ಹಬ್ಬಿದ ಬಳ್ಳಿ ಕಾಣುತ್ತದೆ. ಎತ್ತುವ ಮೊದಲು ಪಂಚನಾಮೆ ಆಗಬೇಕು, ಫೋಟೊ ತೆಗೆಯಬೇಕು, ನಂಬರ್ ಪ್ಲೇಟನ್ನು ಮಾತ್ರ ನಂಬದೆ ಚಾಸಿ ನಂಬರನ್ನು ಉಜ್ಜಿ ಓದಿ ಅದು ಕಳವಾದ ಗಾಡಿಯೋ ಎಂದು ತಾಳೆ ನೋಡಬೇಕು. ಇಷ್ಟೆಲ್ಲ ಮಾಡಿ ಗಾಡಿಯನ್ನು ತಂದು ನಿಲ್ಲಿಸಿದ ಮರುವಾರ, ಅದುವರೆಗೆ ಕಣ್ಣಿಗೆ ಬೀಳದ ಮಾಲೀಕ ಪ್ರತ್ಯಕ್ಷನಾಗಿ, ಒಳಗಿದ್ದ ಬ್ಯಾಟರಿ ಎಲ್ಲಿ, ಸ್ಟೀರಿಯೊ ಎಲ್ಲಿ ಎಂದು ಅರ್ಜಿ ಕೊಡುತ್ತಾನೆ. ನಾನು ಕಂಡ ಒಂದು ಗಾಡಿಯಲ್ಲಿ ಬ್ಯಾಟರಿಯ ಜಾಗದಲ್ಲಿ ಇಲಿ ಮರಿ ಹಾಕಿತ್ತು. ಬ್ಯಾಟರಿ ನಮ್ಮ ಕೈಗೆ ಬರುವುದಕ್ಕೆ ಎಷ್ಟೋ ಮೊದಲೇ ಹೋಗಿತ್ತೆಂಬುದಕ್ಕೆ ಆ ಇಲಿಯೇ ಸಾಕ್ಷಿ, ಆದರೆ ಇಲಿಯನ್ನು ಪಂಚರನ್ನಾಗಿ ಮಾಡಲು ಬರುವುದಿಲ್ಲ.

ಕರಿಕೋಟು:
ದಫೇದಾರರ ಮಾತಿನಲ್ಲಿ ನಿಜವಿದೆ, ಆದರೆ ಅರ್ಧ ನಿಜ. ಜಪ್ತಿಯಾದ ವಾಹನಗಳನ್ನು ಠಾಣೆಯಲ್ಲಿ ವರ್ಷಗಟ್ಟಲೆ ಕೊಳೆಯಲು ಬಿಡುವುದರಿಂದ ಯಾವ ಪ್ರಯೋಜನವೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ, ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ, ಸ್ಪಷ್ಟವಾಗಿ ಹೇಳಿದೆ. ಫೋಟೊ ಮತ್ತು ಪಂಚನಾಮೆ ಮಾಡಿಕೊಂಡು, ಬಾಂಡ್ ಬರೆಸಿಕೊಂಡು ಮಾಲೀಕನಿಗೆ ಒಪ್ಪಿಸಬೇಕು. ಯಾರೂ ಕೇಳಿಕೊಂಡು ಬಾರದಿದ್ದರೆ ಮ್ಯಾಜಿಸ್ಟ್ರೇಟರು ಹರಾಜಿಗೆ ಆದೇಶಿಸಬಹುದು. ವಾರಸುದಾರರು ಗೊತ್ತಿಲ್ಲದ ಸ್ವತ್ತಿಗೆ ಪ್ರಕಟಣೆ ಹೊರಡಿಸಿ ಆರು ತಿಂಗಳು ಕಾಯುವ ಪದ್ಧತಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ 503 ಮತ್ತು 504ನೇ ಕಲಮುಗಳಾಗಿ ಉಳಿದಿದೆ. ಆವರಣ ತುಂಬಿದೆ ಎಂದರೆ ಕಾನೂನು ಇಲ್ಲ ಎಂದರ್ಥವಲ್ಲ, ಕಡತ ಚಲಿಸಿಲ್ಲ ಎಂದರ್ಥ.

ನಿವೃತ್ತ ದಫೇದಾರ:
ಕಡತ ತಾನಾಗಿ ಚಲಿಸುವುದಿಲ್ಲ ಸ್ವಾಮಿ. ಅದನ್ನು ಹಿಡಿದುಕೊಂಡು ಕೋರ್ಟಿಗೆ ಹೋಗುವ ಪೇದೆಗೆ ಅದೇ ದಿನ ಬಂದೋಬಸ್ತ್ ಹಾಕಿರುತ್ತಾರೆ. ಶನಿವಾರ, ಭಾನುವಾರ ಮುಳ್ಳಯ್ಯನಗಿರಿಯ ದಾರಿಯಲ್ಲಿ ಎಷ್ಟು ಗಾಡಿ ಏರುತ್ತವೆ ಎಂಬುದನ್ನು ನೀವೂ ನೋಡಿದ್ದೀರಿ.

ಹಾಸನದ ಮೆಕ್ಯಾನಿಕ್ಕು:
ಇಲ್ಲಿ ಯಾರೂ ಗ್ಯಾರೇಜಿನವರ ಕಷ್ಟ ಹೇಳಲಿಲ್ಲ. ರಸ್ತೆ ಬದಿಯ ಗುಜರಿ ಗಾಡಿಗಳೆಂದರೆ ಜನ ಮೊದಲು ಬೆರಳು ತೋರಿಸುವುದು ನಮ್ಮ ಕಡೆಗೆ. ನನ್ನ ಶೆಡ್ಡಿನಲ್ಲಿ ಈ ಹೊತ್ತಿಗೆ ಐದು ಗಾಡಿಗಳು ಅನಾಥವಾಗಿವೆ. ಎಂಜಿನ್ ಬಿಚ್ಚಿಸಿದ ಮೇಲೆ ಖರ್ಚಿನ ಅಂದಾಜು ಕೇಳಿ, ‘ಸಂಬಳ ಆದ ಮೇಲೆ ಬರುತ್ತೇನೆ’ ಎಂದು ಹೋದವರು ಫೋನ್ ನಂಬರನ್ನೇ ಬದಲಾಯಿಸಿದ್ದಾರೆ. ಒಂದು ಇಂಡಿಕಾದ ಸಿಲಿಂಡರ್ ಹೆಡ್ಡನ್ನು ಗೋಣಿಚೀಲದಲ್ಲಿ ಸುತ್ತಿ, ಮಾಲೀಕರ ಊರಿನ ಹೆಸರು ಬರೆದು ಅಟ್ಟದ ಮೇಲೆ ಇಟ್ಟಿದ್ದೇನೆ. ನಟ್ಟು ಬೋಲ್ಟುಗಳು ಹಾರ್ಲಿಕ್ಸ್ ಬಾಟಲಿಯಲ್ಲಿವೆ. ಇದಕ್ಕಿಂತ ಹೆಚ್ಚು ನಿಯತ್ತಿನಿಂದ ಯಾರು ಇಟ್ಟುಕೊಳ್ಳುತ್ತಾರೆ ಹೇಳಿ. ಜಾಗ ಸಾಲದಾದಾಗ ಒಂದೆರಡನ್ನು ಹೊರಗೆ ತಳ್ಳುತ್ತೇವೆ, ತಪ್ಪು ಎಂದು ಗೊತ್ತಿದ್ದೇ ತಳ್ಳುತ್ತೇವೆ. ಬಾಕಿ ಹಣಕ್ಕೆ ಆ ಗಾಡಿಯನ್ನು ಮಾರಿಬಿಡಬಹುದೇ ಎಂದು ವಕೀಲರು ತಿಳಿಸಿದರೆ ಉಪಕಾರವಾದೀತು.

ಕರಿಕೋಟು:
ಮಾರಬೇಡಿ. 1872ರ ಕರಾರು ಕಾಯ್ದೆಯ 170ನೇ ಕಲಮು ನಿಮಗೆ ಕೊಡುವುದು ಹಿಡಿದಿಟ್ಟುಕೊಳ್ಳುವ ಹಕ್ಕನ್ನು ಮಾತ್ರ. ಶ್ರಮ ಹಾಕಿ ದುರಸ್ತಿ ಮಾಡಿದ ವಸ್ತುವನ್ನು ಕೂಲಿ ಬರುವವರೆಗೆ ಕೊಡದೆ ಇರಬಹುದು. ಮಾರುವ ಹಕ್ಕು ಅದರಿಂದ ಹುಟ್ಟುವುದಿಲ್ಲ. ಮಾಲೀಕರ ವಿಳಾಸಕ್ಕೆ ನೋಂದಾಯಿತ ಅಂಚೆಯಲ್ಲಿ ನೋಟಿಸ್ ಕಳುಹಿಸಿ ಸಿವಿಲ್ ದಾವೆ ಹೂಡಬೇಕು. ಇನ್ನು ಮುಂದಾದರೂ ಗಾಡಿ ಒಳಗೆ ಬಿಡುವಾಗಲೇ ಆರ್‌ಸಿಯ ಪ್ರತಿ ಪಡೆದು, ಇಷ್ಟು ದಿನದ ಮೇಲೆ ದಿನಕ್ಕೆ ಇಷ್ಟು ನಿಲುಗಡೆ ಶುಲ್ಕ ಎಂದು ಬರೆದ ಚೀಟಿಗೆ ಸಹಿ ಹಾಕಿಸಿಕೊಳ್ಳಿ. ಮತ್ತು ಹೊರಗೆ ತಳ್ಳಿದ ಗಾಡಿ ಸಂಚಾರಕ್ಕೆ ಅಡ್ಡಿಯಾದರೆ, ಅದನ್ನು ಅಲ್ಲಿ ನಿಲ್ಲಿಸಿದವರು ನೀವೇ ಆಗುತ್ತೀರಿ ಎಂಬುದನ್ನೂ ಮರೆಯಬೇಡಿ. ಕೆಟ್ಟ ಗಾಡಿಯನ್ನು ರಸ್ತೆಗೆ ಅಡ್ಡಲಾಗಿ ಬಿಟ್ಟಿದ್ದಕ್ಕೆ ಮೋಟಾರು ವಾಹನ ಕಾಯ್ದೆಯ 201ನೇ ಕಲಮಿನಲ್ಲಿ ದಂಡವಿದೆ.

ಹಾಸನದ ಮೆಕ್ಯಾನಿಕ್ಕು:
ಇಂಡಿಕಾದ ಬೆಲೆಗಿಂತ ದಾವೆಯ ಖರ್ಚು ಹೆಚ್ಚಾಗುತ್ತದಲ್ಲ ಸರ್. ಹೆಡ್ಡು ಅಟ್ಟದಲ್ಲೇ ಇರಲಿ ಬಿಡಿ.

ಗುಜರಿ ಲೆಕ್ಕ:
ಇಷ್ಟು ಕಾನೂನು ಓದುವ ಬದಲು ಗುಜರಿಯವರಿಗೆ ಒಂದು ಫೋನ್ ಮಾಡಿದ್ದರೆ ಸಂಜೆಯೊಳಗೆ ಕೆಲಸ ಮುಗಿಯುತ್ತಿತ್ತು. ಓಮ್ನಿ ಎಂದರೆ ಸುಮಾರು 800 ಕಿಲೋ. ಗ್ಯಾಸ್ ಕಟ್ಟರ್ ತಂದು ಅಲ್ಲೇ ಕತ್ತರಿಸಿ, ತೂಕಕ್ಕೆ ದುಡ್ಡು ಎಣಿಸಿ ಕೊಟ್ಟು ಹೋಗುತ್ತಾರೆ.

ಹೊಂಗೆ ಮರದಡಿ:
ಗಾಡಿ ನನ್ನದಲ್ಲ. ಪರರ ಗಾಡಿಯನ್ನು ತೂಕಕ್ಕೆ ಹಾಕಿ ದುಡ್ಡು ಎಣಿಸಿಕೊಂಡರೆ ಅದಕ್ಕೆ ಕಳವು ಎಂದು ಹೆಸರು.

ಅರಸೀಕೆರೆ ಪ್ಯಾಸೆಂಜರ್:
ನಿಮ್ಮದೇ ಗಾಡಿಯಾಗಿದ್ದರೂ ಹಾಗೆ ಕೊಡಬೇಡಿ. ಸುಟ್ಟುಕೊಂಡವನು ಹೇಳುತ್ತಿದ್ದೇನೆ. ನನ್ನ ಹಳೆಯ ಬೈಕನ್ನು ಮನೆ ಬಾಗಿಲಿಗೆ ಬಂದ ಗುಜರಿ ವ್ಯಾಪಾರಿಗೆ ಕೊಟ್ಟೆ. ಆರ್‌ಸಿ ಕೇಳಿದ, ಅದನ್ನೂ ಕೊಟ್ಟೆ. ಪೀಡೆ ತೊಲಗಿತು ಎಂದು ನೆಮ್ಮದಿಯಾಗಿದ್ದೆ. ಮೂರು ವರ್ಷದ ನಂತರ ಬೇರೆ ಜಿಲ್ಲೆಯ ಠಾಣೆಯೊಂದರಿಂದ ನನ್ನ ಹೆಸರಿಗೆ ನೋಟಿಸ್ ಬಂತು. ಆತ ಬೈಕನ್ನು ಕತ್ತರಿಸಿರಲಿಲ್ಲ. ಬಣ್ಣ ಬಳಿದು ಯಾರಿಗೋ ಮಾರಿದ್ದ, ಅವರು ಇನ್ನಾರಿಗೋ ಕೊಟ್ಟಿದ್ದರು, ಕೊನೆಗೆ ಸಿಕ್ಕವನು ವಿಮೆಯಿಲ್ಲದೆ ಓಡಿಸಿ ಒಬ್ಬ ಮುದುಕರಿಗೆ ಗುದ್ದಿದ್ದ. ಪುಣ್ಯಕ್ಕೆ ಅವರ ಕಾಲು ಮುರಿದದ್ದಷ್ಟೇ. ಬೈಕು ನನ್ನದಲ್ಲ ಎಂದು ತೋರಿಸಲು ನನ್ನ ಬಳಿ ಒಂದು ಚೂರು ಕಾಗದವೂ ಇರಲಿಲ್ಲ. ಎರಡು ವರ್ಷ ಅಲೆದೆ.

ಕರಿಕೋಟು:
ಇದನ್ನು ಎಲ್ಲರೂ ಎರಡು ಸಲ ಓದಬೇಕು. ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲೀಕರು. ಗಾಡಿ ನಾಲ್ಕು ಕೈ ದಾಟಿದ್ದರೂ ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ತೀರ್ಮಾನಿಸಿದೆ. ಮಾರಿದರೆ ವರ್ಗಾವಣೆ ಮಾಡಿಸಬೇಕು. ಗಾಡಿ ನಾಶವಾಗಿದ್ದರೆ ಅಥವಾ ಇನ್ನೆಂದೂ ಓಡಿಸಲಾಗದ ಸ್ಥಿತಿಯಲ್ಲಿದ್ದರೆ ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನಂತೆ 14 ದಿನಗಳೊಳಗೆ ಆರ್‌ಟಿಒ ಕಚೇರಿಗೆ ತಿಳಿಸಿ, ಆರ್‌ಸಿ ಒಪ್ಪಿಸಿ, ನೋಂದಣಿಯನ್ನು ರದ್ದು ಮಾಡಿಸಬೇಕು. ನಮ್ಮ ಜನ ಗಾಡಿ ಕೆಟ್ಟರೆ ಅದರ ಕೀಲಿಯನ್ನು ಮೊಳೆಗೆ ನೇತುಹಾಕುತ್ತಾರೆಯೇ ಹೊರತು ಈ ಕೆಲಸ ಮಾಡುವುದಿಲ್ಲ.

ಗುಜರಿ ಲೆಕ್ಕ:
ಎಲ್ಲರೂ ಹಾಗೆ ಮಾಡುವುದಿಲ್ಲ. ನನ್ನ ಮಾವ ಈ ವ್ಯಾಪಾರದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು, ಒಂದು ಗಾಡಿಯನ್ನೂ ಮತ್ತೆ ರಸ್ತೆಗೆ ಬಿಟ್ಟವರಲ್ಲ. ಆದರೂ ಪ್ಯಾಸೆಂಜರ್ ಅವರ ಕತೆಯನ್ನು ಸುಳ್ಳು ಎನ್ನಲಾರೆ.

ತೋಟದ ಜೀಪು:
ಈ ಚರ್ಚೆ ಹೋಗುತ್ತಿರುವ ದಿಕ್ಕು ನನಗೆ ಸ್ವಲ್ಪ ದಿಗಿಲು ಹುಟ್ಟಿಸುತ್ತಿದೆ. ನಮ್ಮ ತೋಟದ ಶೆಡ್ಡಿನಲ್ಲಿ ಅಜ್ಜನ ಕಾಲದ ವಿಲ್ಲಿಸ್ ಜೀಪು ನಿಂತಿದೆ. ಕಾಫಿ ಕೊಯ್ಲಿನ ಕಾಲಕ್ಕೆ ಒಮ್ಮೆ ಸ್ಟಾರ್ಟ್ ಮಾಡುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ದಾರಿಯಲ್ಲಿ ಹೋಗುವವರು ಅದನ್ನು ಗುಜರಿ ಎಂದು ಕರೆದು, ಕೊಡುತ್ತೀರಾ ಎಂದು ಕೇಳುತ್ತಾರೆ. ನಾಳೆ ಇದನ್ನೂ ಎಳೆದೊಯ್ಯುತ್ತಾರೆಯೇ?

ಕರಿಕೋಟು:
127ನೇ ಕಲಮು ಸಾರ್ವಜನಿಕ ಸ್ಥಳಕ್ಕೆ ಮಾತ್ರ. ನಿಮ್ಮ ಶೆಡ್ಡಿನೊಳಗೆ ನಿಮ್ಮ ಜೀಪು ಎಷ್ಟು ಕಾಲ ಬೇಕಾದರೂ ಇರಬಹುದು. 50 ವರ್ಷ ಮೀರಿ ಮೂಲ ರೂಪದಲ್ಲೇ ಇರುವ ವಾಹನಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮವೂ ಬಂದಿದೆ. ನಂಬರಿನ ನಡುವೆ ‘ವಿಎ’ ಎಂಬ ಅಕ್ಷರಗಳಿರುತ್ತವೆ, ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ, ಆದ್ದರಿಂದ ಅದರಲ್ಲಿ ಕಾಫಿ ಮೂಟೆ ಹೇರುವ ಆಸೆಯನ್ನು ಬಿಡಬೇಕಾಗುತ್ತದೆ.

ತೋಟದ ಜೀಪು:
ಮೂಟೆ ಹೇರದ ಜೀಪು ಜೀಪೇ ಅಲ್ಲ. ಅದು ಈಗಿರುವಂತೆಯೇ ಇರಲಿ.

ಸೊಳ್ಳೆಬತ್ತಿ:
ವಿಷಯಕ್ಕೆ ಬರೋಣ. ಎಲ್ಲರೂ ಜಾಗ ಮತ್ತು ದುಡ್ಡಿನ ಬಗ್ಗೆ ಮಾತನಾಡುತ್ತಿದ್ದೀರಿ. ನಾನು ಮನೆಮನೆಗೆ ಲಾರ್ವಾ ಸಮೀಕ್ಷೆಗೆ ಹೋಗುವವಳು. 2024ರ ಮಳೆಗಾಲದಲ್ಲಿ ನಮ್ಮ ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳು ಡೆಂಗಿಯಿಂದ ಎಷ್ಟು ನರಳಿದವು ಎಂಬುದನ್ನು ಮರೆಯಬಾರದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳಚೆಗಿಂತ ನಿಂತ ತಿಳಿನೀರನ್ನು ಹೆಚ್ಚು ಇಷ್ಟಪಡುತ್ತದೆ. ಹಾಳು ಗಾಡಿಯಲ್ಲಿ ಅಂಥ ನೀರು ನಿಲ್ಲುವ ಜಾಗಗಳು ನೀವು ಎಣಿಸಿದ್ದಕ್ಕಿಂತ ಹೆಚ್ಚಿವೆ. ಗಾಳಿ ಹೋದ ಟೈರಿನ ಒಳಮಡಿಕೆ, ಒಡೆದ ದೀಪದ ಬಟ್ಟಲು, ಕುಸಿದ ಸೀಟಿನ ಗುಂಡಿ, ಕಾಲಿಡುವ ಜಾಗದ ರಬ್ಬರ್ ಹಾಸು, ಎಲ್ಲವನ್ನೂ ಬಗ್ಗಿ ನೋಡಬೇಕು. ಒಂದು ಅಂಬಾಸಿಡರಿನ ಹಿಂದಿನ ದೀಪದ ಬಟ್ಟಲಿನಲ್ಲಿ ಒಂದು ಲೋಟದಷ್ಟು ನೀರಿತ್ತು. ಟಾರ್ಚ್ ಬಿಟ್ಟ ಕೂಡಲೇ ಅದರೊಳಗಿನ ಹುಳುಗಳೆಲ್ಲ ಕೊಂಕಿಕೊಂಡು ತಳಕ್ಕೆ ಇಳಿದವು. ಎಣಿಸಲು ಹೋಗಿ ನಲವತ್ತಕ್ಕೆ ಬಿಟ್ಟೆ.

ಅದೇ ವರ್ಷ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಹುಟ್ಟಲು ಆಸ್ಪದ ಕೊಡುವವರಿಗೆ ದಂಡ ನಿಗದಿ ಮಾಡಿತು. ನಗರದ ಮನೆಗಳಿಗೆ 400 ರೂಪಾಯಿ, ಖಾಲಿ ನಿವೇಶನಗಳಿಗೆ 2,000 ರೂಪಾಯಿ. ಆದ್ದರಿಂದ ಗಾಡಿ ಪಕ್ಕದ ಖಾಲಿ ಸೈಟಿನಲ್ಲಿ ನಿಂತಿದ್ದರೂ ದೂರು ಕೊಡಲು ದಾರಿಯಿದೆ. ಹೊಂಗೆ ಮರದಡಿಯವರು ದೂರಿನ ಅರ್ಜಿಯಲ್ಲಿ ‘ವಾಹನ ನಿಂತಿದೆ’ ಎಂದು ಬರೆಯುವ ಬದಲು ‘ಲಾರ್ವಾ ಕಂಡುಬಂದಿದೆ’ ಎಂದು ಬರೆದು ಫೋಟೊ ಲಗತ್ತಿಸಿ ನೋಡಲಿ.

ಬೇಲೂರು ಬಸ್ಸು:
ಸರ್ಕಾರಿ ಕಚೇರಿಗಳ ಹಿಂದೆ ಹುಲ್ಲಿನಲ್ಲಿ ಮುಳುಗಿರುವ ಜೀಪುಗಳಿಗೆ ಆ ದಂಡವನ್ನು ಹಾಕುವವರು ಯಾರು ಎಂಬುದನ್ನೂ ತಿಳಿಸಿದರೆ ಸಂತೋಷ.

ಸೊಳ್ಳೆಬತ್ತಿ:
ಆ ಜೀಪುಗಳ ಟೈರಿನೊಳಗೂ ನಾವು ಟಾರ್ಚ್ ಬಿಟ್ಟು ನೋಡುತ್ತೇವೆ. ದಂಡದ ಪುಸ್ತಕ ಮಾತ್ರ ನನ್ನ ಕೈಯಲ್ಲಿಲ್ಲ.

ಕರಿಕೋಟು:
ಸೊಳ್ಳೆಬತ್ತಿಯವರ ಸಲಹೆ ಚೆನ್ನಾಗಿದೆ. ಅದಕ್ಕೆ ಇನ್ನೊಂದು ಸೇರಿಸುತ್ತೇನೆ. ಸಾರ್ವಜನಿಕ ಉಪದ್ರವವನ್ನು ತೆಗೆಸಲು ಉಪವಿಭಾಗಾಧಿಕಾರಿಗೆ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿ ಅಧಿಕಾರವಿದೆ, ಹಳೆಯ ಸಂಹಿತೆಯಲ್ಲಿ ಇದು 133 ಆಗಿತ್ತು. ಇದೇ 133ರ ಅಡಿಯಲ್ಲಿ ಬಂದ ರತ್ಲಾಂ ಪ್ರಕರಣದಲ್ಲಿ, ಹಣವಿಲ್ಲ ಎಂಬ ನೆಪ ಹೇಳಿ ಪುರಸಭೆ ತನ್ನ ಕರ್ತವ್ಯದಿಂದ ಜಾರಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲಿ ಹೇಳಿತು. ಅಲ್ಲಿ ವಿಷಯ ಚರಂಡಿಯದು; ನಿಮ್ಮ ಬೀದಿಯಲ್ಲೂ ಚರಂಡಿ ಕಟ್ಟಿದೆ. ಅರ್ಜಿಗೆ ಹಿಂಬರಹ ಪಡೆಯದೆ ಕಚೇರಿಯಿಂದ ಹೊರಡಬೇಡಿ.

ಕಡೂರಿನವ:
ಕೊಟ್ಟ ಸಲಹೆ ತಪ್ಪಾಗಿದ್ದಕ್ಕೆ ಕ್ಷಮೆಯಿರಲಿ. ಈಗ ನಿಜವಾಗಿ ತಿಳಿದುಕೊಳ್ಳಲು ಕೇಳುತ್ತಿದ್ದೇನೆ: ಕಾನೂನುಬದ್ಧವಾಗಿ ಗುಜರಿಗೆ ಹಾಕುವುದಾದರೆ ಎಲ್ಲಿಗೆ ಒಯ್ಯಬೇಕು, ಏನು ಸಿಗುತ್ತದೆ?

ಅರಸೀಕೆರೆ ಪ್ಯಾಸೆಂಜರ್:
ಆ ಪೆಟ್ಟು ತಿಂದ ಮೇಲೆ ನಾನು ಕಾರಿಗೆ ಸರಿಯಾದ ದಾರಿಯನ್ನೇ ಹಿಡಿದೆ. 2021ರ ಸೆಪ್ಟೆಂಬರಿನಲ್ಲಿ ಬಂದ ನಿಯಮಗಳಂತೆ ನೋಂದಾಯಿತ ಗುಜರಿ ಕೇಂದ್ರಗಳಿವೆ. ಅವರು ಗಾಡಿಯ ಮೇಲೆ ಬ್ಯಾಂಕಿನ ಸಾಲ ಉಳಿದಿದೆಯೇ, ಕಳವಿನ ದೂರು ಇದೆಯೇ ಎಂದು ನೋಡಿ, ಗಾಡಿಯನ್ನು ಒಪ್ಪಿಕೊಂಡಾಗ ಠೇವಣಿ ಪ್ರಮಾಣಪತ್ರ ಕೊಡುತ್ತಾರೆ, ಒಡೆದ ಮೇಲೆ ಇನ್ನೊಂದು ಪ್ರಮಾಣಪತ್ರ ಕೊಡುತ್ತಾರೆ. ಚಾಸಿ ನಂಬರ್ ಇರುವ ತುಂಡನ್ನು ಕತ್ತರಿಸಿ ಆರು ತಿಂಗಳು ಜೋಪಾನವಾಗಿ ಇಡಬೇಕು ಎಂಬ ಷರತ್ತೂ ಇದೆ; ನನಗೆ ನೆಮ್ಮದಿ ತಂದದ್ದು ಆ ಒಂದು ಷರತ್ತು. ಠೇವಣಿ ಪತ್ರ ತೋರಿಸಿದರೆ ಹೊಸ ಖಾಸಗಿ ಗಾಡಿಯ ತೆರಿಗೆಯಲ್ಲಿ ಶೇಕಡಾ 25ರವರೆಗೆ ರಿಯಾಯಿತಿಗೂ ಕೇಂದ್ರದ ನಿಯಮ ಅವಕಾಶ ಕೊಟ್ಟಿದೆ. ಬಂದ ಹಣ ಮನೆ ಬಾಗಿಲಿನ ವ್ಯಾಪಾರಿ ಹೇಳಿದ್ದಕ್ಕಿಂತ ಕಡಿಮೆಯೇ ಆಯಿತು, ಸಾಗಣೆಯ ಖರ್ಚಿನಲ್ಲಿ ಇನ್ನಷ್ಟು ಹೋಯಿತು. ಆ ಎರಡು ಕಾಗದ ಮಾತ್ರ ಈಗ ಮನೆಯ ಕ್ರಯಪತ್ರದ ಜೊತೆಗೆ ಬೀರುವಿನಲ್ಲಿವೆ.

ಗುಜರಿ ಲೆಕ್ಕ:
ಅದೇ ನಾನು ಹೇಳುವುದು. ಮಲೆನಾಡಿನ ಮೂಲೆಯಿಂದ ಸತ್ತ ಗಾಡಿಯನ್ನು ಕ್ರೇನಿನಲ್ಲಿ ಎತ್ತಿ, ಲಾರಿಗೆ ಹಾಕಿ, ದೂರದ ಕೇಂದ್ರಕ್ಕೆ ಸಾಗಿಸಿದರೆ ಗಾಡಿಯ ಬೆಲೆಯೆಲ್ಲ ದಾರಿಯಲ್ಲೇ ಸೋರಿಹೋಗುತ್ತದೆ. ಜಿಲ್ಲೆಗೊಂದು ಕಡೆ ತಿಂಗಳಿಗೆ ಒಂದು ದಿನವಾದರೂ ಹಳೆಯ ಗಾಡಿ ಒಪ್ಪಿಸಿಕೊಳ್ಳುವ ಏರ್ಪಾಡಾದರೆ ನನ್ನ ಮಾವನೂ ಮೊದಲು ಅಲ್ಲಿಗೇ ಕಳುಹಿಸುತ್ತಾರೆ.

ನಿವೃತ್ತ ದಫೇದಾರ:
ಈ ಮಾತನ್ನು ನಾನು ಒಪ್ಪುತ್ತೇನೆ. ಠಾಣೆಗೆ ಬೇಕಾಗಿರುವುದು ಇನ್ನೊಂದು ಕಲಮಲ್ಲ. ಊರಾಚೆ ಬೇಲಿ ಹಾಕಿದ ಅರ್ಧ ಎಕರೆ, ಕಾಯಲು ಒಬ್ಬ ಮನುಷ್ಯ, ಬರೆದಿಡಲು ಒಂದು ರಿಜಿಸ್ಟರ್.

ಹೊಂಗೆ ಮರದಡಿ:
ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಲಾರ್ವಾ ಫೋಟೊ ಸಮೇತ ಅರ್ಜಿ ಕೊಟ್ಟ ಮರುದಿನವೇ ಇಬ್ಬರು ಬಂದು ವ್ಯಾನಿನೊಳಗೆ ಔಷಧಿ ಸಿಂಪಡಿಸಿದರು. ಠಾಣೆಯವರು ಚಾಸಿ ನಂಬರಿನ ಮೂಲಕ ಮಾಲೀಕರನ್ನು ಪತ್ತೆ ಮಾಡಿದರು, ಪತ್ತೆಯಾದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ಅವರು ನಮ್ಮ ಬೀದಿಯ ತುದಿಯ ಬಾಡಿಗೆ ಮನೆಯಲ್ಲಿದ್ದು, ಶಾಲಾ ಮಕ್ಕಳನ್ನು ಕರೆದೊಯ್ಯುತ್ತಿದ್ದ ಹಿರಿಯರು; ನಾಲ್ಕು ವರ್ಷದ ಹಿಂದೆ ತೀರಿಕೊಂಡರು. ನನ್ನ ಮಗಳನ್ನೂ ಎರಡು ವರ್ಷ ಇದೇ ವ್ಯಾನಿನಲ್ಲಿ ಶಾಲೆಗೆ ಬಿಟ್ಟಿದ್ದರು. ಪಾಚಿ ಕಟ್ಟಿದ ಗಾಡಿಯಲ್ಲಿ ನನಗೆ ಆ ಗುರುತೇ ಹತ್ತಿರಲಿಲ್ಲ. ಅವರ ಮಗ ಬೆಂಗಳೂರಿನಲ್ಲಿದ್ದಾರೆ. ಫೋನಿನಲ್ಲಿ ಮಾತನಾಡಿದಾಗ, ‘ಅಪ್ಪನ ಗಾಡಿ ಸರ್, ಮಾರಲು ಮನಸ್ಸಾಗಲಿಲ್ಲ, ಓಡಿಸಲು ಬರಲಿಲ್ಲ’ ಎಂದರು.

ಕರಿಕೋಟು:
ಮಾಲೀಕರು ತೀರಿಕೊಂಡರೆ ವಾರಸುದಾರರು 30 ದಿನಗಳೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕಿತ್ತು. ಕಾಲ ಮೀರಿದೆ, ಆದರೂ ದಾರಿ ಮುಚ್ಚಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಮತ್ತು ಉಳಿದ ವಾರಸುದಾರರ ಒಪ್ಪಿಗೆ ಪತ್ರವನ್ನು ಸಿದ್ಧ ಮಾಡಿಟ್ಟುಕೊಳ್ಳಲು ಅವರಿಗೆ ಹೇಳಿ. ಗಾಡಿ ಎತ್ತುವ ಮೊದಲು ಈ ಕಾಗದಗಳು ಆಗಲಿ.

ಹಾಸನದ ಮೆಕ್ಯಾನಿಕ್ಕು:
ಆ ಓಮ್ನಿಯ ಬಲಗಡೆಯ ಜಾರುಬಾಗಿಲು ಇನ್ನೂ ಗಟ್ಟಿಯಿದ್ದರೆ ದಯವಿಟ್ಟು ತಿಳಿಸಿ, ಒಬ್ಬ ಗಿರಾಕಿ ಆರು ತಿಂಗಳಿಂದ ಕೇಳುತ್ತಿದ್ದಾರೆ.

ಹೊಂಗೆ ಮರದಡಿ:
ಬಾಗಿಲು ಗಟ್ಟಿಯಿದೆ, ಆದರೆ ತೆರೆಯುವ ಹಾಗಿಲ್ಲ. ಹಿಂದಿನ ಸೀಟಿನ ಕೆಳಗೆ ಬೀದಿಯ ಕೆಂದು ನಾಯಿ ನಾಲ್ಕು ಮರಿ ಹಾಕಿದೆ, ಬಾಗಿಲಿಗೆ ಕೈ ಹಚ್ಚಿದರೆ ಗುರ್ ಎನ್ನುತ್ತದೆ. ಮರಿಗಳು ಇನ್ನೂ ಕಣ್ಣು ಬಿಟ್ಟಿಲ್ಲ. ಕಾಗದಪತ್ರ ಮುಗಿಯಲು ಹೇಗೂ ಒಂದು ತಿಂಗಳು ಬೇಕು ಎಂದು ಅವರ ಮಗ ಹೇಳಿದ್ದಾರೆ, ನಾನೂ ಆಗಲಿ ಎಂದಿದ್ದೇನೆ. ಚರಂಡಿಯ ಕಸವನ್ನು ಮಾತ್ರ ಇವತ್ತು ಬೆಳಿಗ್ಗೆ ನಾನೇ ಕೋಲಿನಿಂದ ಎಳೆದು ತೆಗೆದೆ.